ಪರಿಚಯದವರ ಪುಸ್ತಕ ಹಿಡಿಸದಿದ್ದರೆ ಏನು ಬರೆಯಬೇಕು?

ಓದುಗರ ಪ್ರಶ್ನೆ: ಪರಿಚಯದ ಲೇಖಕರೊಬ್ಬರು ತಮ್ಮ ಕಥಾಸಂಕಲನ ಕೊಟ್ಟು ‘ಇದರ ಬಗ್ಗೆ ನಾಲ್ಕು ಸಾಲು ಬರೆಯಿರಿ’ ಎಂದಿದ್ದಾರೆ. ಓದಿದೆ. ಅಷ್ಟಾಗಿ ಹಿಡಿಸಲಿಲ್ಲ. ಹೊಗಳಿದರೆ ಸುಳ್ಳಾಗುತ್ತದೆ, ತೆಗಳಿದರೆ ಸಂಬಂಧ ಕೆಡುತ್ತದೆ. ಏನು ಮಾಡಲಿ? (ಹಾವೇರಿಯ ಒಬ್ಬ ಶಿಕ್ಷಕಿ)

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಧಾರವಾಡದಲ್ಲಿ ಕಲ್ಲು ಎಸೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಎನ್ನುತ್ತಾರಲ್ಲ, ಆ ಮನೆಯವರನ್ನು ಮರುದಿನ ಸಂತೆಯಲ್ಲೋ ಮದುವೆಯಲ್ಲೋ ಬಸ್ ನಿಲ್ದಾಣದಲ್ಲೋ ಎದುರುಗೊಳ್ಳಲೇಬೇಕು. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಿ ನೋಡಿದರೂ ಬರೆಯುವವರು, ಓದುವವರು, ವಿಮರ್ಶೆ ಮಾಡುವವರು ಒಂದೇ ಬಳಗದವರು. ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ.

ಆದರೂ ನನ್ನ ಉತ್ತರ ಒಂದೇ: ಬರೆಯಿರಿ. ಬರೆಯುವ ಮೊದಲು ಕೈಯಲ್ಲಿ ಪೆನ್ಸಿಲ್ ಹಿಡಿದು ಪುಸ್ತಕವನ್ನು ಇನ್ನೊಮ್ಮೆ ಓದಿರಿ. ಹಿಡಿಸಲಿಲ್ಲ ಎನ್ನುವುದಷ್ಟೇ ಸಾಲದು. ಯಾವ ಪುಟದಲ್ಲಿ, ಯಾವ ಸಾಲಿನ ಹತ್ತಿರ ನಿಮ್ಮ ಮನಸ್ಸು ಕಥೆಯಿಂದ ಹೊರಗೆ ಬಂದಿತು ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಬರಹ ಅಲ್ಲಿಂದ ಶುರುವಾಗಲಿ.

ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಮೊದಲ ಸಂಕಲನದ ಬಗ್ಗೆ ನಾನು ‘ಭರವಸೆಯ ಕಥೆಗಾರ’, ‘ಗ್ರಾಮೀಣ ಬದುಕಿನ ಅನಾವರಣ’, ‘ಓದಲೇಬೇಕಾದ ಕೃತಿ’ ಎಂದೆಲ್ಲ ಬರೆದಿದ್ದೆ. ಅಚ್ಚಾಯಿತು, ಅವರಿಗೆ ಸಂತೋಷವಾಯಿತು. ಒಂದು ತಿಂಗಳ ನಂತರ ಅದನ್ನು ಮತ್ತೆ ಓದಿ ನೋಡಿದೆ. ಪುಸ್ತಕದ ಹೆಸರು ತೆಗೆದು ಬೇರೆ ಯಾವ ಸಂಕಲನದ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಿರಲಿಲ್ಲ. ನಾಲ್ಕು ವರ್ಷ ನಿದ್ದೆಗೆಟ್ಟು ಬರೆದ ಮನುಷ್ಯನಿಗೆ ನಾನು ಕೊಟ್ಟದ್ದು ಅಷ್ಟೇ. ಅದರ ನಾಚಿಕೆ ಇನ್ನೂ ಹೋಗಿಲ್ಲ.

ಸಾಲು ಹಿಡಿದು ಓದುವುದು ಹೇಗೆ ಎಂದು ತೋರಿಸಲು ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಮಗ ಊರು ಬಿಟ್ಟು ಹೋಗುವುದಾಗಿ ಹೇಳಿದ್ದಾನೆ. ಒಬ್ಬ ಕಥೆಗಾರ ಬರೆಯುತ್ತಾನೆ: ‘ಅವ್ವನಿಗೆ ಕರುಳು ಕಿತ್ತು ಬಂದಂತಾಯಿತು, ಕಣ್ಣು ತುಂಬಿ ಬಂದವು.’ ಇನ್ನೊಬ್ಬ ಬರೆಯುತ್ತಾನೆ: ‘ಹಂಚಿನ ಮೇಲಿನ ರೊಟ್ಟಿಗೆ ಸವರಿದ ನೀರು ಆರಿತು. ಅವ್ವ ಮಗುಚಲಿಲ್ಲ.’

ಜೋಳದ ರೊಟ್ಟಿ ಮಾಡುವವರಿಗೆ ಎರಡನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಸವರಿದ ನೀರಿನ ಪಸೆ ಆರುವ ಹೊತ್ತಿಗೆ ರೊಟ್ಟಿಯನ್ನು ಮಗುಚಬೇಕು, ತಡವಾದರೆ ಅದು ಬಿರಿಯುತ್ತದೆ. ದಿನವೂ ರೊಟ್ಟಿ ಬಡಿಯುವ ಕೈಗೆ ಆ ಹೊತ್ತು ನೋಡದೆಯೂ ತಿಳಿಯುತ್ತದೆ. ಅಂಥ ಕೈ ನಿಂತುಹೋಯಿತು ಎಂದ ಮೇಲೆ ಆ ತಾಯಿಯ ಒಳಗೆ ಏನಾಯಿತು ಎಂಬುದು ಓದುವವರಿಗೆ ತಾನಾಗಿಯೇ ಮುಟ್ಟುತ್ತದೆ. ಮೊದಲ ವಾಕ್ಯದಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಯಾವ ಊರಿನ ಯಾವ ತಾಯಿಗೂ ಸಲ್ಲುತ್ತದೆ. ಈ ಅವ್ವ ಯಾರು ಎಂದು ಅದು ಹೇಳುವುದಿಲ್ಲ.

ಹಾಗಾಗಿ ‘ಕಥೆ ಸಪ್ಪೆಯಾಗಿದೆ’ ಎಂದು ಬರೆಯಬೇಡಿ. ಸಪ್ಪೆ ಎನಿಸಿದ ಸಾಲನ್ನು ಉದ್ಧರಿಸಿ, ಅದೇ ಲೇಖಕರು ಅದೇ ಪುಸ್ತಕದಲ್ಲಿ ಬರೆದ ಒಂದು ಒಳ್ಳೆಯ ಸಾಲನ್ನು ಅದರ ಪಕ್ಕದಲ್ಲಿಡಿ. ಸಾಧಾರಣ ಸಂಕಲನದಲ್ಲಿಯೂ ಹುಡುಕಿದರೆ ಅಂಥ ಒಂದೆರಡು ಸಾಲು ಸಿಗುತ್ತವೆ. ಲೇಖಕರನ್ನು ಬೇರೆ ಯಾರಿಗೋ ಹೋಲಿಸಿದರೆ ನೋವಾಗುತ್ತದೆ. ಅವರದೇ ಬರಹದ ಜೊತೆ ಹೋಲಿಸಿದರೆ ಅವರಿಗೂ ದಾರಿ ಕಾಣುತ್ತದೆ.

ಕನ್ನಡದಲ್ಲಿ ಇದು ಬಹಳ ಹಳೆಯ ಪದ್ಧತಿ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ, 9ನೆಯ ಶತಮಾನದ ‘ಕವಿರಾಜಮಾರ್ಗ’ ದೋಷವಿರುವ ಪದ್ಯವನ್ನು ಕೊಟ್ಟು, ತಿದ್ದಿದ ರೂಪವನ್ನೂ ಮುಂದಿಡುತ್ತದೆ. ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡು ಯಾವುದೆಂದು ಹೇಳುವಾಗ ಅದು ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದ ಹಾಗೆ ಬರೆದವನಿಗೆ ತನ್ನ ದೋಷ ಕಾಣುವುದಿಲ್ಲ ಎಂಬ ಮಾತು ಆ ಗ್ರಂಥದಲ್ಲಿದೆ. ನಿಮ್ಮ ಪರಿಚಯದ ಲೇಖಕರಿಗೆ ನೀವು ಬೇಕಾಗಿರುವುದು ಇದೇ ಕಾರಣಕ್ಕೆ.

ಸ್ನೇಹ ಮತ್ತು ಕಟು ಮಾತು ಒಟ್ಟಿಗೆ ಇರಲಾರವು ಎನ್ನುವವರಿಗೆ ನಾನು ಧಾರವಾಡದ ಅಟ್ಟವನ್ನು ನೆನಪಿಸುತ್ತೇನೆ. 1933ರಲ್ಲಿ ಆರಂಭವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಕಚೇರಿಗೆ ಸಾಹಿತಿಗಳು ಕರೆಯುವ ಹೆಸರು ಅದು. ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿಯವರ ಆ ಅಟ್ಟದ ಬಳಗದಲ್ಲಿ ಗದಗಿನ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಿದ್ದರು. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂಬ ಅವರ ಆಕ್ಷೇಪವೇ ತಮ್ಮನ್ನು ಚರಿತ್ರೆಯ ಓದಿಗೆ ಹಚ್ಚಿತು ಎಂದು ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ. 1964ರಲ್ಲಿ ಅವರ ಐತಿಹಾಸಿಕ ನಾಟಕ ‘ತುಘಲಕ್’ ಪ್ರಕಟವಾಯಿತು. ಅಂದು ಕುರ್ತಕೋಟಿಯವರು ‘ಎಲ್ಲ ಚೆನ್ನಾಗಿದೆ’ ಎಂದು ಸುಮ್ಮನಾಗಿದ್ದರೆ ನಮ್ಮ ರಂಗಭೂಮಿ ಬಡವಾಗುತ್ತಿತ್ತು.

ಉಳಿದದ್ದು ಸಣ್ಣ ಮಾತು. ಕಥೆಯ ಸಾರಾಂಶದಲ್ಲೇ ಬರಹ ಮುಗಿದುಹೋಗದಿರಲಿ. ಲೇಖಕರ ಸ್ವಭಾವ, ಸಂಸಾರ, ಉದ್ಯೋಗ ಬರಹದೊಳಗೆ ಬರಬಾರದು. ಎರಡು ಸಲ ಓದಿದರೂ ಹೇಳಲು ಏನೂ ಹೊಳೆಯದಿದ್ದರೆ ‘ಬರೆಯಲು ಆಗಲಿಲ್ಲ’ ಎಂದು ನೇರವಾಗಿ ತಿಳಿಸಿ, ತಿಂಗಳುಗಟ್ಟಲೆ ಕಾಯಿಸಬೇಡಿ. ಅಚ್ಚಾಗುವ ಮೊದಲು ಲೇಖಕರಿಗೆ ತೋರಿಸಬೇಕೇ ಎಂದು ಹಲವರು ಕೇಳುತ್ತಾರೆ. ತೋರಿಸಬಾರದು. ತೋರಿಸಿದರೆ ನಿಮ್ಮ ಕೈ ತಡೆಯುತ್ತದೆ, ಅವರಿಗೂ ಸಂಕೋಚವಾಗುತ್ತದೆ. ಅಚ್ಚಾದ ದಿನ ನೀವೇ ಫೋನ್ ಮಾಡಿ.

ಅದೇ ಸ್ನೇಹಿತರ ಎರಡನೆಯ ಸಂಕಲನ ಬಂದಾಗ ನಾನು ಹೀಗೆಯೇ ಬರೆದೆ. ಮೂರು ಸಾಲುಗಳನ್ನು ಎತ್ತಿ ತೋರಿಸಿ, ಎರಡನೆಯ ಕಥೆಯ ಕೊನೆಯ ಪುಟ ಬೇಕಿರಲಿಲ್ಲ ಎಂದೆ. ಅವರು ಫೋನ್ ಎತ್ತಲಿಲ್ಲ. ಐದಾರು ತಿಂಗಳು ಮಾತಿಲ್ಲ. ಒಂದು ಸಂಜೆ ಲೈನ್ ಬಜಾರಿನಲ್ಲಿ ಎದುರಾದವರು ನಮಸ್ಕಾರವನ್ನೂ ಹೇಳದೆ, ‘ಆ ಕೊನೆಯ ಪುಟ ಯಾಕೆ ಬೇಕು ಎಂದು ಹೇಳುತ್ತೇನೆ, ಕೇಳಿರಿ’ ಎಂದರು. ಅವರು ಹೇಳಿದ ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ಅಂಗಡಿಯವರು ಬಾಗಿಲು ಎಳೆಯುವವರೆಗೂ ರಸ್ತೆಯ ಬದಿಯಲ್ಲೇ ನಿಂತು ಅದೊಂದು ಪುಟದ ಬಗ್ಗೆ ವಾದಿಸಿದೆವು.