ರಕ್ತದೊತ್ತಡ ಮತ್ತು ಒಂದೇ ಕೋಶದಷ್ಟು ದಪ್ಪದ ಒಳಪದರ

ರಕ್ತನಾಳವೆಂದರೆ ಬರಿಯ ಕೊಳವೆ, ‘ಬಿ.ಪಿ.’ ಎಂದರೆ ಆ ಕೊಳವೆ ಕಟ್ಟಿಕೊಳ್ಳುವುದು ಎಂಬ ನಂಬಿಕೆ ಓದುಬರಹ ಬಲ್ಲವರಲ್ಲೂ ಗಟ್ಟಿಯಾಗಿ ಬೇರೂರಿದೆ. ನಾಳವನ್ನು ತೊಳೆಯುತ್ತೇವೆನ್ನುವ ಕಷಾಯಗಳ ವ್ಯಾಪಾರ ನಡೆಯುವುದೂ ಈ ನಂಬಿಕೆಯ ಬಲದಿಂದಲೇ. ಈ ಚಿತ್ರದಲ್ಲಿ ಕಾಣದೇ ಉಳಿದಿರುವುದು ನಾಳದ ಒಳಗೋಡೆಯ ಉದ್ದಕ್ಕೂ ಹಾಸಿಕೊಂಡಿರುವ, ಒಂದೇ ಕೋಶದಷ್ಟು ದಪ್ಪದ ಎಂಡೋಥೀಲಿಯಂ ಎಂಬ ಪದರ.

1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಒಂದು ಒಗಟನ್ನು ಬಿಡಿಸಿದರು. ಮೊಲದ ಮಹಾಪಧಮನಿಯ ತುಣುಕುಗಳಿಗೆ ಅಸಿಟೈಲ್‌ಕೋಲಿನ್ ಎಂಬ, ನರಗಳು ಸೂಚನೆ ಸಾಗಿಸಲು ಬಳಸುವ ರಾಸಾಯನಿಕವನ್ನು ಸೋಕಿಸಿದಾಗ ಕೆಲವು ಸಡಿಲಗೊಳ್ಳುತ್ತಿದ್ದವು, ಕೆಲವು ಬಿಗಿಯಾಗುತ್ತಿದ್ದವು. ಬಿಗಿಯಾದವುಗಳ ಒಳಮೈ ಕತ್ತರಿಸಿ ಅಣಿಗೊಳಿಸುವಾಗಲೇ ಉಜ್ಜಿಹೋಗಿತ್ತು. ಅಂದರೆ ಸಡಿಲಗೊಳ್ಳುವ ಸೂಚನೆ ಹೊರಡುತ್ತಿದ್ದದ್ದು ಒಳಪದರದಿಂದ. ಆ ಸೂಚನೆಯನ್ನು ಒಯ್ಯುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಆ ದಶಕ ಮುಗಿಯುವ ಮೊದಲೇ ತಿಳಿದುಬಂತು. ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರ ನೊಬೆಲ್ ಸಂದಿತು. ಹರಿಯುವ ರಕ್ತ ಗೋಡೆಯನ್ನು ಸವರಿದಾಗ ಒಳಪದರದ ಕಿಣ್ವವೊಂದು ಆರ್ಜಿನೈನ್ ಎಂಬ ಅಮೈನೊ ಆಮ್ಲದಿಂದ ಈ ಅನಿಲವನ್ನು ತಯಾರಿಸುತ್ತದೆ. ಕೆಲವೇ ಕ್ಷಣ ಬಾಳುವ ಅದು ಪಕ್ಕದ ಸ್ನಾಯುಕೋಶಗಳೊಳಗೆ ನುಸುಳಿ ಅವುಗಳ ಬಿಗಿತವನ್ನು ಇಳಿಸುತ್ತದೆ.

ರಕ್ತದೊತ್ತಡವಿರುವವರಲ್ಲಿ ಇದು ಹೇಗೆ ನಡೆಯುತ್ತದೆ? 1990ರಲ್ಲಿ ಜೂಲಿಯೊ ಪಾಂಜಾ ಮತ್ತು ಸಂಗಡಿಗರು ರೋಗಿಗಳ ತೋಳಿನ ಅಪಧಮನಿಗೆ ಅಸಿಟೈಲ್‌ಕೋಲಿನ್ ಹರಿಸಿ ಮುಂಗೈಯ ರಕ್ತಪ್ರವಾಹವನ್ನು ಅಳೆದರು. ಆರೋಗ್ಯವಂತರಲ್ಲಿ ಅದು ಏರಿದಷ್ಟು ರೋಗಿಗಳಲ್ಲಿ ಏರಲಿಲ್ಲ. ಒಳಪದರದ ಹಂಗಿಲ್ಲದೆ ನೇರವಾಗಿ ಸ್ನಾಯುವನ್ನೇ ಸಡಿಲಿಸುವ ಸೋಡಿಯಂ ನೈಟ್ರೊಪ್ರುಸೈಡ್ ಕೊಟ್ಟಾಗ ಮಾತ್ರ ಇಬ್ಬರ ನಾಳಗಳೂ ಒಂದೇ ಬಗೆಯಲ್ಲಿ ಹಿಗ್ಗಿದವು. ಈ ಎರಡನೆಯ ಅಳತೆಯೇ ಪ್ರಯೋಗದ ಜೀವಾಳ ಎಂದು ನನ್ನ ಭಾವನೆ, ಏಕೆಂದರೆ ಸ್ನಾಯುವಿಗೆ ಸಡಿಲಗೊಳ್ಳುವ ಶಕ್ತಿ ಉಳಿದೇ ಇದೆಯೆಂದೂ ಕುಂದಿರುವುದು ಒಳಪದರದ ಕೆಲಸವೆಂದೂ ಅದು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿತು.

ಈ ಕುಂದಿಗೆ ಒಂದು ಕಾರಣ ಸೂಪರ್‌ಆಕ್ಸೈಡ್ ಎಂಬ ಚುರುಕು ಅಣು. ಹುಟ್ಟಿದ ನೈಟ್ರಿಕ್ ಆಕ್ಸೈಡ್ ಸ್ನಾಯುವನ್ನು ಮುಟ್ಟುವ ಮೊದಲೇ ಇದು ಅದರೊಡನೆ ಕೂಡಿ ಅದನ್ನು ಕೆಡಿಸುತ್ತದೆ. ಒತ್ತಡವೇ ಪದರವನ್ನು ಹಾಳುಮಾಡಿತೋ, ಪದರ ಕೆಟ್ಟದ್ದರಿಂದ ಒತ್ತಡ ಏರಿತೋ ಎಂಬ ಪ್ರಶ್ನೆಗೆ ಏಕಮುಖವಾದ ಉತ್ತರವಿಲ್ಲ. ಒತ್ತಡ ಸಹಜವಾಗಿಯೇ ಇದ್ದ, ಆದರೆ ತಂದೆತಾಯಿಗೆ ಈ ರೋಗವಿದ್ದ ಮಕ್ಕಳಲ್ಲೂ ಇಟಲಿಯ ಸಂಶೋಧಕರು ಇದೇ ಕುಂದನ್ನು ಕಂಡಿದ್ದಾರೆ.

ಕುಂದು ಶಾಶ್ವತವಲ್ಲ ಎಂಬುದು ನನಗೆ ಎಲ್ಲಕ್ಕಿಂತ ಸಂತೋಷ ಕೊಡುವ ಸಂಗತಿ. 1999ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ವಾರಕ್ಕೆ 5ರಿಂದ 7 ಬಾರಿ, 30 ನಿಮಿಷದಂತೆ 12 ವಾರ ಬಿರುಸಾಗಿ ನಡೆದ ರೋಗಿಗಳಲ್ಲಿ ಅಸಿಟೈಲ್‌ಕೋಲಿನ್‌ಗೆ ನಾಳಗಳು ಓಗೊಡುವ ಪ್ರಮಾಣ ಹೆಚ್ಚಿತು. ಸ್ನಾಯುವನ್ನು ನೇರವಾಗಿ ಸಡಿಲಿಸುವ ಔಷಧಿಗೆ ಸಿಗುವ ಪ್ರತಿಕ್ರಿಯೆ ಮೊದಲಿದ್ದಂತೆಯೇ ಇತ್ತು.