ಸ್ಲೋ ಕುಕ್ಕರಿನಲ್ಲಿ ಹಂದಿ ಪಕ್ಕೆಲುಬು: ಮೆತ್ತಗಾಗುವುದು ಹೇಗೆ, ಕೆಡುವುದು ಎಲ್ಲಿ

ಮೊದಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ಸ್ಲೋ ಕುಕ್ಕರ್, ಅಂದರೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ, ಈ ಅಡುಗೆಯ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಬಿಗಿಯಾದ ಮಾಂಸವನ್ನು ಮೆತ್ತಗೆ ಮಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕೆಂಪಗೆ ಹುರಿದ ಮೇಲ್ಮೈ, ಅಂಟಂಟಾದ ಸಾಸಿನ ಲೇಪ, ಹೊಗೆಯ ವಾಸನೆ ಇವು ಯಾವುವೂ ಅದರೊಳಗೆ ಹುಟ್ಟುವುದಿಲ್ಲ. ಕುಕ್ಕರಿನಿಂದ ತೆಗೆದ ಮೇಲೆ ಹತ್ತು ನಿಮಿಷ ಒಲೆಯ ಮುಂದೆ ನಿಲ್ಲಲು ಮನಸ್ಸಿಲ್ಲದವರು ಪಕ್ಕೆಲುಬಿನ ಬದಲು ಸಾರಿನ ತುಂಡು ತಂದು ಸಾರನ್ನೇ ಮಾಡುವುದು ಒಳ್ಳೆಯದು.

ಕಾರಣ ಈ ಪಾತ್ರೆಯ ಹುಟ್ಟಿನಲ್ಲೇ ಇದೆ. ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಯಹೂದಿ ಮನೆಗಳಲ್ಲಿ ಒಲೆ ಹಚ್ಚದ ಸಬ್ಬತ್ ಎಂಬ ವಿಶ್ರಾಂತಿ ದಿನಕ್ಕೆಂದು ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬೇಯುವ ಚೋಲೆಂಟ್ ಎಂಬ ಕಾಳು-ಮಾಂಸದ ಅಡುಗೆ ಅದಕ್ಕೆ ಪ್ರೇರಣೆ. 1971ರಲ್ಲಿ ರೈವಲ್ ಕಂಪನಿ ಅದನ್ನು ತಿದ್ದಿ ‘ಕ್ರಾಕ್ ಪಾಟ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂದರೆ ಇದು ಕಾಳು ಬೇಯಿಸಲು, ರಸವಿರುವ ಅಡುಗೆಗೆ ಹೊಂದಿದ ಪಾತ್ರೆ. ಪಕ್ಕೆಲುಬಿನ ಅಮೆರಿಕನ್ ಸಂಪ್ರದಾಯವೋ ಮೆಂಫಿಸ್, ಕಾನ್ಸಾಸ್ ಸಿಟಿಗಳ ಹೊಗೆಗೂಡಿನ ಒಣ ಕಾವಿನದು. ಕೆಳಗೆ ಹೇಳುವ ಹೆಚ್ಚಿನ ಎಚ್ಚರಿಕೆಗಳು ಈ ವ್ಯತ್ಯಾಸದಿಂದಲೇ ಬಂದವು.

ಮಾಂಸದೊಳಗೆ ಏನಾಗುತ್ತದೆ

ಪಕ್ಕೆಲುಬಿನ ನಡುವಿನ ಸ್ನಾಯು ಪ್ರತಿ ಉಸಿರಿಗೂ ದುಡಿಯುತ್ತದೆ. ಹಾಗಾಗಿ ಅದರ ಎಳೆಗಳ ಸುತ್ತ ಕೊಲಾಜನ್ ಎಂಬ ಬಿಗಿ ನಾರು ಹೆಚ್ಚು. ಮಾಂಸದ ಒಳಗಿನ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎಳೆಗಳು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತವೆ. ಸುಮಾರು 70ರಿಂದ ಕೊಲಾಜನ್ ಕರಗಿ ಜೆಲಟಿನ್ ಆಗತೊಡಗುತ್ತದೆ, ಆದರೆ ಬಹಳ ನಿಧಾನವಾಗಿ. 80 ದಾಟಿದ ಮೇಲೆ ಚುರುಕಾಗುತ್ತದೆ. ಒಳಗಿನ ಕಾವು 90ರಿಂದ 95 ಡಿಗ್ರಿಯ ನಡುವೆ ಸ್ವಲ್ಪ ಹೊತ್ತು ನಿಂತಾಗ ಪಕ್ಕೆಲುಬು ನಿಜಕ್ಕೂ ಮೆತ್ತಗಾಗುತ್ತದೆ.

ಹೊಸಬರು ಎಡವುವುದು ಇಲ್ಲೇ. ಹಂದಿಮಾಂಸದ ಇಡೀ ತುಂಡು 63 ಡಿಗ್ರಿಗೆ ಬಂದು ಮೂರು ನಿಮಿಷ ವಿರಮಿಸಿದರೆ ತಿನ್ನಲು ಸುರಕ್ಷಿತ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅದು ರೋಗಾಣುಗಳ ಲೆಕ್ಕ. ಹಲ್ಲಿನ ಲೆಕ್ಕ ಬೇರೆ. 75 ಡಿಗ್ರಿಯಲ್ಲಿ ನೀರೂ ಹೋಗಿರುತ್ತದೆ, ಕೊಲಾಜನ್ನೂ ಕರಗಿರುವುದಿಲ್ಲ. ಇಡೀ ಅಡುಗೆಯಲ್ಲಿ ಮಾಂಸ ಅತಿ ಗಟ್ಟಿಯಾಗಿರುವ ಘಟ್ಟ ಅದೇ. ಆಗ ಮುಚ್ಚಳ ತೆಗೆದು ರುಚಿ ನೋಡಿದವರು ‘ಜಾಸ್ತಿ ಬೆಂದು ರಬ್ಬರಾಯಿತು’ ಎಂದುಕೊಂಡು ಆರಿಸಿಬಿಡುತ್ತಾರೆ. ನಿಜದಲ್ಲಿ ಅದು ಬೆಂದೇ ಇಲ್ಲ. ಜಗಿದರೆ ಎಳೆಯುವಂತಿದ್ದರೆ ಇನ್ನೂ ಒಂದು ಗಂಟೆ ಕೊಡಿ. ಎಳೆಗಳು ಬಿಡಿಬಿಡಿಯಾಗಿ ಒಣಗಿದಂತೆ ಉದುರಿದರೆ ಮಾತ್ರ ಅದು ಅತಿಯಾಗಿ ಬೆಂದದ್ದು.

ಲೋ, ಹೈ ಎಂಬ ಗುಂಡಿಗಳ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಬಹುತೇಕ ಮಾದರಿಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಯುವ ಬಿಂದುವಿನ ಹತ್ತಿರದ ಒಂದೇ ಕಾವನ್ನು. ವ್ಯತ್ಯಾಸ ಇರುವುದು ತಲುಪುವ ವೇಗದಲ್ಲಿ. ಹೈ ಒತ್ತಿದರೆ ಮೂರು ನಾಲ್ಕು ಗಂಟೆ, ಲೋ ಒತ್ತಿದರೆ ಏಳೆಂಟು ಗಂಟೆ. ಪಕ್ಕೆಲುಬಿಗೆ ಲೋ ಮೇಲು, ಏಕೆಂದರೆ 80–95ರ ನಡುವಿನ ಹಾದಿಯನ್ನು ಅದು ನಿಧಾನವಾಗಿ ಕ್ರಮಿಸುತ್ತದೆ, ಹೊರಪದರ ಪುಡಿಯಾಗುವ ಮುನ್ನ ಮೂಳೆಯ ಪಕ್ಕದ ನಾರೂ ಕರಗುತ್ತದೆ. ‘ವಾರ್ಮ್’ ಬಡಿಸುವ ತನಕ ಬಿಸಿ ಇಡಲು ಮಾತ್ರ, ಬೇಯಿಸಲು ಅಲ್ಲ.

ಎತ್ತರದ ಊರಿನವರು ಕೇಳುವ ಪ್ರಶ್ನೆಯೊಂದಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ನಮಗೆ ಬೇಕಾದ 90–95 ಅದಕ್ಕೂ ಕೆಳಗೇ ಇರುವುದರಿಂದ ಅಡ್ಡಿಯಿಲ್ಲ. ಕೊನೆಯಲ್ಲಿ ಅರ್ಧ ಗಂಟೆ ಹೆಚ್ಚು ಹಿಡಿದರೆ ಗಾಬರಿಯಾಗಬೇಡಿ.

ಯಾವ ತುಂಡು ತರಬೇಕು

ಬೆನ್ನುಮೂಳೆಗೆ ತಾಗಿದ ಮೇಲ್ಭಾಗದ ಪಕ್ಕೆಲುಬಿಗೆ ಬೇಬಿ ಬ್ಯಾಕ್ ಎನ್ನುತ್ತಾರೆ. ಮರಿಹಂದಿಯದ್ದು ಎಂದಲ್ಲ, ಗಿಡ್ಡ ಎಂದಷ್ಟೇ. ಒಂದು ಪಟ್ಟಿ ಮುಕ್ಕಾಲು ಕೆಜಿಯಿಂದ ಒಂದು ಕೆಜಿ ತೂಗುತ್ತದೆ, ಬಾಗಿರುತ್ತದೆ, ಕೊಬ್ಬು ಕಡಿಮೆ. ಅದರ ಕೆಳಗೆ ಹೊಟ್ಟೆಯ ಕಡೆಗೆ ಬರುವುದು ಸ್ಪೇರ್ ರಿಬ್ಸ್. ಉದ್ದ, ಚಪ್ಪಟೆ, ಕೊಬ್ಬು ಹೆಚ್ಚು, ರುಚಿಯೂ ಹೆಚ್ಚು. ಎದೆಮೂಳೆಯ ಕಡೆಯ ಮೃದ್ವಸ್ಥಿಯನ್ನು ಕತ್ತರಿಸಿ ಚೌಕ ಮಾಡಿದರೆ ಅದೇ ಸೇಂಟ್ ಲೂಯಿಸ್ ಕಟ್. ಸ್ಲೋ ಕುಕ್ಕರಿಗೆ ನನ್ನ ಆಯ್ಕೆ ಇದು. ಇದರ ಕೊಬ್ಬು ದೀರ್ಘ ಬೇಯುವಿಕೆಯನ್ನು ತಾಳುತ್ತದೆ, ಸಮಯ ಅರ್ಧ ಗಂಟೆ ಆಚೀಚೆಯಾದರೂ ಕೆಡುವುದಿಲ್ಲ. ಕಂಟ್ರಿ ಸ್ಟೈಲ್ ಎಂದು ಮಾರುವುದು ಭುಜದ ಕಡೆಯ ಮಾಂಸ, ಹೆಸರಿಗಷ್ಟೇ ಪಕ್ಕೆಲುಬು.

ನಮ್ಮ ಹಂದಿಮಾಂಸದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಸಾರಿನ ತುಂಡಿನ ಅಳತೆಗೆ ಕೊಚ್ಚುತ್ತಾರೆ. ಕತ್ತಿ ಎತ್ತುವ ಮೊದಲೇ ‘ಪಕ್ಕೆಲುಬು ಪೂರ್ತಿ ಪಟ್ಟಿ ಬೇಕು, ತುಂಡು ಮಾಡಬೇಡಿ, ಮೇಲಿನ ಚರ್ಮ ತೆಗೆಯಿರಿ’ ಎಂದು ಹೇಳಬೇಕು. ಕೊಚ್ಚಿದ ಮೂಳೆಯ ಚೂರು ಎಂಟು ಗಂಟೆ ಬೆಂದರೆ ರಸದ ತುಂಬ ಹರಡಿ ಬಾಯಿಗೆ ಸಿಗುತ್ತದೆ.

ತಯಾರಿ

6 ಲೀಟರ್ ಕುಕ್ಕರಿಗೆ ಎರಡು ಪಟ್ಟಿ, ಸುಮಾರು 1.8 ಕೆಜಿ. ಪಾತ್ರೆ ಅರ್ಧಕ್ಕಿಂತ ಕಡಿಮೆ ತುಂಬಿದರೆ ಬೇಗ ಬೆಂದು ಅಂಚು ಸುಡುತ್ತದೆ, ಮುಕ್ಕಾಲಿಗಿಂತ ಹೆಚ್ಚಾದರೆ ನಡುಭಾಗ ಬಿಸಿಯಾಗಲು ತಡವಾಗುತ್ತದೆ.

ಮೂಳೆಯ ಕಡೆ ತೆಳ್ಳನೆಯ ಬಿಳಿ ಪೊರೆಯೊಂದು ಅಂಟಿಕೊಂಡಿರುತ್ತದೆ. ಅದು ಕರಗುವುದಿಲ್ಲ, ಬೆಂದ ಮೇಲೆ ಪ್ಲಾಸ್ಟಿಕ್ ಹಾಳೆಯಂತೆ ಹಲ್ಲಿಗೆ ಸಿಗುತ್ತದೆ. ಪಟ್ಟಿಯ ಒಂದು ತುದಿಯ ಮೂಳೆಯ ಮೇಲೆ ಚಮಚದ ಹಿಡಿಯನ್ನು ಪೊರೆಯ ಕೆಳಗೆ ತೂರಿಸಿ ಎಬ್ಬಿಸಿ, ಒಣ ಬಟ್ಟೆಯಿಂದ ಹಿಡಿದು ಒಂದೇ ಎಳೆತಕ್ಕೆ ಸುಲಿಯಿರಿ. ಒದ್ದೆ ಕೈಗೆ ಜಾರುತ್ತದೆ, ಬಟ್ಟೆಯೇ ಬೇಕು. ಹರಿದರೆ ಇನ್ನೊಂದು ತುದಿಯಿಂದ ಶುರು ಮಾಡಿ.

ಉಜ್ಜುವ ಮಸಾಲೆ: ಪುಡಿ ಉಪ್ಪು 18 ಗ್ರಾಂ (ಮೂರು ಟೀ ಚಮಚ), ಬೆಲ್ಲದ ಪುಡಿ 30 ಗ್ರಾಂ, ಬ್ಯಾಡಗಿ ಮೆಣಸಿನ ಪುಡಿ ಎರಡು ದೊಡ್ಡ ಚಮಚ, ಕಾಳುಮೆಣಸಿನ ಪುಡಿ ಒಂದೂವರೆ ಟೀ ಚಮಚ, ಹುರಿದ ಜೀರಿಗೆಯ ಪುಡಿ ಒಂದು ಟೀ ಚಮಚ, ಬೆಳ್ಳುಳ್ಳಿ ಪುಡಿ ಇದ್ದರೆ ಎರಡು ಟೀ ಚಮಚ. ಅಮೆರಿಕನ್ ಪಾಕದ ಪ್ಯಾಪ್ರಿಕಾಕ್ಕೆ ಬ್ಯಾಡಗಿ ಒಳ್ಳೆಯ ಬದಲಿ, ಬಣ್ಣ ಗಾಢ, ಖಾರ ಹದ. ಅದೇ ಅಳತೆಯಲ್ಲಿ ಗುಂಟೂರು ಮೆಣಸು ಹಾಕಿದರೆ ತಿನ್ನಲಾಗದು.

ಉಪ್ಪಿನ ಲೆಕ್ಕ ಮೂಳೆ ಸಹಿತ ತೂಕದ ಶೇ. 1 ಮಾತ್ರ. ಮೂಳೆ ಉಪ್ಪು ಹೀರುವುದಿಲ್ಲ, ಕೊನೆಗೆ ಬತ್ತಿಸಿದ ರಸ ಮತ್ತೆ ಸಾಸಿಗೆ ಸೇರುತ್ತದೆ. ಬರೀ ಮಾಂಸಕ್ಕೆ ಹಾಕುವಂತೆ ಶೇ. 1.5 ಹಾಕಿದರೆ ಸಾಸು ಉಪ್ಪುಪ್ಪಾಗುವುದು ಖಚಿತ. ಹಿಂದಿನ ರಾತ್ರಿಯೇ ಉಜ್ಜಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪು ಒಳಗಿಳಿದು ನೀರನ್ನು ಸ್ವಲ್ಪ ಹಿಡಿದಿಡುತ್ತದೆ. ಮಸಾಲೆಯ ಉಳಿದ ಪದಾರ್ಥಗಳು ಮೇಲ್ಮೈಯಲ್ಲೇ ನಿಲ್ಲುತ್ತವೆ, ಅವಕ್ಕಾಗಿ ಕಾಯಬೇಕಾಗಿಲ್ಲ.

ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಲೇಬಾರದು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ, ಮಂಜಿನ ಗಟ್ಟಿಯೊಂದು ಆ ವಲಯವನ್ನು ದಾಟಲು ಇಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಇಡೀ ಒಂದು ದಿನ ಮೊದಲೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ ಕರಗಿಸಿ. ಮೊದಲ ಒಂದು ಗಂಟೆ ಹೈನಲ್ಲಿಟ್ಟು ಆಮೇಲೆ ಲೋಗೆ ತಿರುಗಿಸುವ ಅಭ್ಯಾಸ ಇದೇ ಕಾರಣಕ್ಕೆ ಒಳ್ಳೆಯದು.

ಜೋಡಿಸುವುದು, ಬೇಯಿಸುವುದು

ತಳಕ್ಕೆ ಎರಡು ಈರುಳ್ಳಿಯನ್ನು ದಪ್ಪ ಬಿಲ್ಲೆ ಮಾಡಿ ಹರಡಿ. ಪಟ್ಟಿಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಗುಂಟ ಸುತ್ತಿ, ಮಾಂಸದ ಮುಖ ಗೋಡೆಯ ಕಡೆಗೆ, ಮೂಳೆಯ ಮುಖ ಒಳಗಡೆಗೆ. ಬಹುತೇಕ ಸ್ಲೋ ಕುಕ್ಕರುಗಳಲ್ಲಿ ಕಾವು ಗೋಡೆಯಿಂದ ಬರುತ್ತದೆ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನದು ರಸದಲ್ಲಿ ಕುದಿದು ಸಪ್ಪೆಯಾಗುತ್ತದೆ, ಮೇಲಿನದು ಬೇಯುವುದಿಲ್ಲ. ಪ್ರೆಶರ್ ಕುಕ್ಕರಿಗೆ ಸ್ಲೋ ಕುಕ್ ಗುಂಡಿ ಸೇರಿಸಿದ ವಿದ್ಯುತ್ ಪಾತ್ರೆಗಳು ತಳದಿಂದ ಕಾಯುವುದರಿಂದ ಅವುಗಳಲ್ಲಿ ಸಮಯ ಬೇರೆಯಾಗುತ್ತದೆ. ಅಲ್ಲಿ ಗಡಿಯಾರವನ್ನು ನಂಬದೆ ಮಾಂಸಕ್ಕೆ ಹಲ್ಲುಕಡ್ಡಿ ಚುಚ್ಚಿಯೇ ನೋಡಬೇಕು.

ದ್ರವ ಎಷ್ಟು? ಅರ್ಧ ಕಪ್ ನೀರು, ಎರಡು ದೊಡ್ಡ ಚಮಚ ವಿನೆಗರ್. ಇಷ್ಟೇ. ಇದು ತೀರಾ ಕಡಿಮೆ ಎನಿಸುತ್ತದೆ, ಆದರೆ ಮುಚ್ಚಳ ಆವಿಯನ್ನು ಹನಿಯಾಗಿಸಿ ಹಿಂದಕ್ಕೆ ಬೀಳಿಸುತ್ತದೆ, ಮಾಂಸವೇ ಒಂದೂವರೆ ಎರಡು ಕಪ್ ರಸ ಬಿಡುತ್ತದೆ. ಹಾಕಿದ್ದಕ್ಕಿಂತ ತೆಗೆಯುವಾಗ ಹೆಚ್ಚು ದ್ರವ ಇರುವ ಅಡುಗೆ ಇದು. ಮೂಳೆ ಮುಳುಗುವಷ್ಟು ನೀರು ಸುರಿದರೆ ಮಾಂಸದ ರುಚಿಯೆಲ್ಲ ನೀರಿಗೆ ಹೋಗುತ್ತದೆ. ಸಿಹಿ ಸಾಸನ್ನೂ ಈಗ ಹಾಕಬೇಡಿ, ರಸದಲ್ಲಿ ತೆಳುವಾಗಿ ವ್ಯರ್ಥವಾಗುತ್ತದೆ, ಗೋಡೆಗೆ ತಾಗಿದ ಕಡೆ ಸೀಯುತ್ತದೆ.

ಬೇಬಿ ಬ್ಯಾಕ್ ಲೋನಲ್ಲಿ 6ರಿಂದ 7 ಗಂಟೆ, ಸ್ಪೇರ್ ಅಥವಾ ಸೇಂಟ್ ಲೂಯಿಸ್ 7ರಿಂದ 8. ಅವಸರವಿದ್ದರೆ ಹೈನಲ್ಲಿ ಕ್ರಮವಾಗಿ 3ರಿಂದ 4, 4ರಿಂದ 5. ಮುಚ್ಚಳ ಎತ್ತಿದ ಪ್ರತಿಸಲ ಕೂಡಿಟ್ಟ ಆವಿ ಹೋಗಿ, ಕಳೆದ ಕಾವು ಮರಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಮೊದಲ ಐದು ಗಂಟೆ ನೋಡುವಂಥದ್ದು ಒಳಗೆ ಏನೂ ಇಲ್ಲ.

ಹೊಗೆಗೂಡಿನ ಪಾಕಗಳಲ್ಲಿ ಬರುವ ‘3-2-1’ ಎಂಬ ಗಂಟೆಗಳ ಲೆಕ್ಕ (ಮೂರು ಗಂಟೆ ಹೊಗೆಯಲ್ಲಿ, ಎರಡು ಗಂಟೆ ಫಾಯಿಲಿನಲ್ಲಿ ಸುತ್ತಿ, ಒಂದು ಗಂಟೆ ಬಿಚ್ಚಿ ಸಾಸು ಬಳಿದು) ಇಲ್ಲಿ ನಡೆಯದು. ಅಲ್ಲಿ ಮೇಲ್ಮೈಯ ನೀರು ಆರುತ್ತಾ ಮಾಂಸವನ್ನು ತಂಪಾಗಿಸುವುದರಿಂದ ಕಾವು 65–70ರಲ್ಲಿ ಗಂಟೆಗಟ್ಟಲೆ ಏರದೆ ನಿಲ್ಲುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಆರುವಿಕೆ ಇಲ್ಲ, ಹಾಗೆ ನಿಲ್ಲುವುದೂ ಇಲ್ಲ.

ವಿದ್ಯುತ್ ಹೋದರೆ? ನೀವು ಮನೆಯಲ್ಲಿದ್ದರೆ ಕೂಡಲೇ ಎಲ್ಲವನ್ನೂ ಗ್ಯಾಸಿನ ಮೇಲೆ ದಪ್ಪ ತಳದ ಪಾತ್ರೆಗೆ ಬದಲಾಯಿಸಿ ಬೇಯಿಸಿ ಮುಗಿಸಿ. ಹೊರಗೆ ಹೋಗಿದ್ದು, ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ಗೊತ್ತಿಲ್ಲದಿದ್ದರೆ, ನೋಡಲು ಬೆಂದಂತಿದ್ದರೂ ಎಸೆಯಬೇಕು. ಅಮೆರಿಕದಿಂದ ತಂದ 110 ವೋಲ್ಟಿನ ಕುಕ್ಕರನ್ನು ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ ಎಂಬುದೂ ನೆನಪಿರಲಿ.

ಬೆಂದಿದೆಯೇ?

ಮೂಳೆಯ ತುದಿಯಲ್ಲಿ ಮಾಂಸ ಅರ್ಧದಿಂದ ಒಂದು ಸೆಂಟಿಮೀಟರ್ ಹಿಂದೆ ಸರಿದಿರುತ್ತದೆ. ಎರಡು ಮೂಳೆಗಳ ನಡುವೆ ಚುಚ್ಚಿದ ಹಲ್ಲುಕಡ್ಡಿ ತಡೆಯಿಲ್ಲದೆ ಇಳಿಯುತ್ತದೆ. ಇವೆರಡು ಸಾಕು. ಪಟ್ಟಿಯನ್ನು ಇಕ್ಕಳದಿಂದ ಎತ್ತಿ ಬಾಗಿಸಿ ನೋಡುವ ಪರೀಕ್ಷೆ ಹೊಗೆಗೂಡಿನವರದು. ಇಲ್ಲಿ ಹಾಗೆ ಎತ್ತಿದರೆ ಪಟ್ಟಿ ಮುರಿಯುತ್ತದೆ.

ಮುಟ್ಟಿದರೆ ಮೂಳೆ ಕಳಚಿ ಬರುವುದೇ ಗುರಿ ಎಂದು ಹಲವರು ಹೇಳುತ್ತಾರೆ. ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ಸ್ಪರ್ಧೆಗಳಲ್ಲಿ ಅದನ್ನು ಅತಿಯಾಗಿ ಬೆಂದದ್ದೆಂದೇ ಎಣಿಸುತ್ತಾರೆ. ಕಚ್ಚಿದ ಜಾಗದ ಮಾಂಸ ಮಾತ್ರ ಮೂಳೆಯಿಂದ ಸ್ವಚ್ಛವಾಗಿ ಬಿಡಬೇಕು, ಉಳಿದದ್ದು ನಿಂತಿರಬೇಕು. ನನಗೂ ಅದೇ ಸರಿ ಎನಿಸುತ್ತದೆ. ಮುಂದಿನ ಹಂತದಲ್ಲಿ ಪಟ್ಟಿಯನ್ನು ಒಲೆಗೆ ಸಾಗಿಸಬೇಕು, ಅದು ಅಖಂಡವಾಗಿ ಎದ್ದು ಬರಬೇಕಾದರೆ ಆ ಹದದಲ್ಲೇ ನಿಲ್ಲಿಸಬೇಕು.

ಉಳಿದ ಅರ್ಧ

ಮಾಂಸ ಕೆಂಪಗೆ ಹುರಿದು ಪರಿಮಳ ಬರಲು ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ಒದ್ದೆ ಪಾತ್ರೆ ಎಂದೂ 100 ದಾಟುವುದಿಲ್ಲ. ಆದ್ದರಿಂದ ಎರಡು ಅಗಲ ಸಟ್ಟುಗಗಳಿಂದ ಪಟ್ಟಿಯನ್ನು ಎತ್ತಿ ತಟ್ಟೆಗೆ ಹಾಕಿ, ಮೇಲಿನ ತೇವವನ್ನು ಒತ್ತಿ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಒದ್ದೆಯ ಮೇಲೆ ಬಳಿದ ಸಾಸು ಜಾರಿ ಕೆಳಗಿಳಿಯುತ್ತದೆ.

ಅಷ್ಟರಲ್ಲಿ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬು ತೆಗೆದು, ಅಗಲ ಬಾಣಲೆಯಲ್ಲಿ ಅರ್ಧ ಕಪ್‌ಗೆ ಬತ್ತಿಸಿ. ಅದಕ್ಕೆ ಟೊಮೆಟೊ ಕೆಚಪ್ 200 ಗ್ರಾಂ, ಬೆಲ್ಲ 40 ಗ್ರಾಂ, ವಿನೆಗರ್ ಮೂರು ದೊಡ್ಡ ಚಮಚ, ಮೆಣಸಿನ ಪುಡಿ ಒಂದು ಟೀ ಚಮಚ ಸೇರಿಸಿ, ಚಮಚದ ಬೆನ್ನಿಗೆ ಹಿಡಿಯುವ ತನಕ ಕುದಿಸಿ. ಉಪ್ಪು ಬೇಕಿದ್ದರೆ ಈಗ, ರುಚಿ ನೋಡಿ.

ಕೊಡಗಿನ ಪಂದಿ ಕರಿಯ ದಾರಿಯಲ್ಲಿ ಹೋಗಬೇಕೆಂದಿದ್ದರೆ ಕೆಚಪ್, ವಿನೆಗರ್ ಎರಡೂ ಬೇಡ. ಬತ್ತಿಸಿದ ರಸಕ್ಕೆ ಕಪ್ಪಗೆ ಹುರಿದ ಕೊತ್ತಂಬರಿ-ಜೀರಿಗೆ-ಮೆಣಸಿನ ಪುಡಿ ಎರಡು ದೊಡ್ಡ ಚಮಚ, ಕಾಚಂಪುಳಿ ಒಂದು ದೊಡ್ಡ ಚಮಚ, ಚಿಟಿಕೆ ಬೆಲ್ಲ. ಕಾಚಂಪುಳಿ ಬಲು ಗಾಢ ಹುಳಿ, ಎರಡನೆಯ ಚಮಚಕ್ಕೆ ಕೈ ಹೋಗುವ ಮೊದಲು ನಾಲಗೆಗೆ ಹಚ್ಚಿ ನೋಡಿ. ಅದನ್ನು ಕೊನೆಯಲ್ಲೇ ಹಾಕಬೇಕು.

ಒಟಿಜಿಯನ್ನು (ಮೇಲೆ ಕೆಳಗೆ ಕಾಯುವ ಸಣ್ಣ ವಿದ್ಯುತ್ ಓವನ್) 230 ಡಿಗ್ರಿಗೆ ಕಾಯಿಸಿ, ಮೇಲಿನ ಕಾಯಿಲ್ ಮಾತ್ರ ಉರಿಸಿ, ಮಾಂಸದ ಮುಖ ಮೇಲೆ ಮಾಡಿ, ಕಾಯಿಲಿನಿಂದ ಒಂದು ಗೇಣು ಕೆಳಗಿಡಿ. ತೆಳ್ಳಗೆ ಸಾಸು ಬಳಿದು ನಾಲ್ಕು ನಿಮಿಷ, ಮತ್ತೆ ಬಳಿದು ಮೂರು ನಾಲ್ಕು ನಿಮಿಷ. ಅಂಚಿನಲ್ಲಿ ಗುಳ್ಳೆ ಎದ್ದು ಅಲ್ಲಲ್ಲಿ ಕಪ್ಪು ಚುಕ್ಕಿ ಬಿದ್ದೊಡನೆ ಹೊರಗೆ. ಬೆಲ್ಲ ಒಂದೇ ನಿಮಿಷದಲ್ಲಿ ಸೀದು ಕಹಿಯಾಗುವುದರಿಂದ ಈ ಹೊತ್ತಿನಲ್ಲಿ ಅಲ್ಲಿಂದ ಕದಲಬಾರದು. ಒಟಿಜಿ ಇಲ್ಲದವರು ಕಾದ ಕಬ್ಬಿಣದ ಕಾವಲಿಯ ಮೇಲೆ ಮಾಂಸದ ಮುಖವನ್ನು ಎರಡು ನಿಮಿಷ ಒತ್ತಿ, ಆಮೇಲೆ ಸಾಸು ಬಳಿಯಬಹುದು. ಹೊಗೆ ವಾಸನೆ ಬೇಕಿದ್ದರೆ ಇದಕ್ಕೆ ಮೊದಲು ಪಟ್ಟಿಯ ನಡುವೆ ಸಣ್ಣ ಬಟ್ಟಲಲ್ಲಿ ಇದ್ದಿಲ ಕೆಂಡ ಇಟ್ಟು, ಅರ್ಧ ಚಮಚ ತುಪ್ಪ ಬಿಟ್ಟು, ಐದು ನಿಮಿಷ ಮುಚ್ಚಿ. ಹೆಚ್ಚು ಹೊತ್ತು ಬಿಟ್ಟರೆ ಹೊಗೆ ಕಹಿ.

ಬಿಸಿ ಇರುವಾಗ ಪಿಂಗಾಣಿ ಪಾತ್ರೆಗೆ ತಣ್ಣೀರು ಸುರಿಯಬೇಡಿ, ಸೀಳುತ್ತದೆ. ಉಳಿದ ಮಾಂಸವನ್ನೂ ಅದರಲ್ಲೇ ಬಿಡದೆ ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನ ಇರುತ್ತದೆ. ಮತ್ತೆ ಬಿಸಿ ಮಾಡಲು ಸ್ಲೋ ಕುಕ್ಕರ್ ಬೇಡ, ತೀರಾ ನಿಧಾನ. ಎರಡು ಚಮಚ ನೀರು ಚಿಮುಕಿಸಿ, ಫಾಯಿಲ್ ಮುಚ್ಚಿ, 150 ಡಿಗ್ರಿಯ ಒಟಿಜಿಯಲ್ಲಿ ಒಳಗಿನ ಕಾವು 74 ಮುಟ್ಟುವ ತನಕ ಇಡಿ.