ಒಂದೇ ದುಡ್ಡಿಗೆ ನಾಲ್ಕು ಸಿಂತ್: ಕಂಪನಿ ಎಲ್ಲಿ ಕೈ ಬಿಗಿ ಹಿಡಿದಿದೆ?

ಚೌತಿ ಹತ್ತಿರವಾದಂತೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಆರ್ಕೆಸ್ಟ್ರಾ ಹುಡುಗರಿಂದ ಒಂದೇ ಬಗೆಯ ಫೋನ್ ಬರತೊಡಗುತ್ತದೆ. ಕೈಯಲ್ಲಿ ₹40 ಸಾವಿರದ ಆಸುಪಾಸು ಇದೆ, ಯೂಟ್ಯೂಬ್‌ನಲ್ಲಿ ಡೆಮೊ ನೋಡಿ ನೋಡಿ ತಲೆ ಕೆಟ್ಟಿದೆ, ಯಾವ ಸಿಂತ್‌ನ (ದನಿಯನ್ನು ತಾನೇ ಹುಟ್ಟಿಸುವ ಸಿಂಥಸೈಜರ್ ಕೀಬೋರ್ಡ್) ಸೌಂಡ್ ಒಳ್ಳೆಯದು ಅಂತ ಒಂದೇ ಮಾತಲ್ಲಿ ಹೇಳಿ ಎನ್ನುತ್ತಾರೆ. ಕೀಬೋರ್ಡ್ ರಿಪೇರಿ ನನ್ನ ಕಸುಬು. ಈ ಯಂತ್ರಗಳನ್ನು ಬಿಚ್ಚಿ ಒಳಗೆ ನೋಡಿದವನಾಗಿ ಹೇಳುತ್ತೇನೆ, ಈ ಬೆಲೆಯಲ್ಲಿ ಸೌಂಡ್ ಕೆಟ್ಟದಾಗಿರುವ ವರ್ಚುವಲ್ ಅನಲಾಗ್ ಸಿಂತ್ (ಹಳೆಯ ಅನಲಾಗ್ ಸರ್ಕ್ಯೂಟಿನ ದನಿಯನ್ನು ಚಿಪ್ಪಿನ ಲೆಕ್ಕದಲ್ಲಿ ಹುಟ್ಟಿಸುವುದು) ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಬೆಲೆ ಒಂದೇ ಅಂದಮೇಲೆ ಪ್ರತಿ ಕಂಪನಿಯೂ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದೇ ಇರುತ್ತದೆ. ಒಬ್ಬರು ಕೀಯ ಅಗಲದಲ್ಲಿ ಉಳಿಸಿದ್ದಾರೆ, ಇನ್ನೊಬ್ಬರು ನಾಬ್‌ಗಳಲ್ಲಿ, ಮತ್ತೊಬ್ಬರು ಮೆಮೊರಿಯಲ್ಲಿ. ಯಾವ ಕೊರತೆಯನ್ನು ನೀವು ಸಹಿಸಿಕೊಂಡು ಬಾರಿಸಬಲ್ಲಿರಿ ಎನ್ನುವುದರ ಮೇಲೆ ಆಯ್ಕೆ ನಿಲ್ಲಬೇಕು.

ಅದಕ್ಕೂ ಮೊದಲು ಒಂದು ಮಾತು. ರಸಮಂಜರಿಯಲ್ಲಿ ತಬಲಾ, ಕೊಳಲು, ಶಹನಾಯಿ, ರಿದಂ ಎಲ್ಲವನ್ನೂ ಒಬ್ಬನೇ ಕೂತು ಬಾರಿಸಬೇಕಾದವರಿಗೆ ಬೇಕಿರುವುದು ಅರೇಂಜರ್ ಕೀಬೋರ್ಡ್. ವರ್ಚುವಲ್ ಅನಲಾಗ್‌ನಲ್ಲಿ ಈ ವಾದ್ಯಗಳ ರೆಕಾರ್ಡ್ ಮಾಡಿದ ದನಿ ಇರುವುದಿಲ್ಲ. ಹಾಡಿನ ಅಡಿಯಲ್ಲಿ ಹರಡುವ ಪ್ಯಾಡ್, ಎದೆ ಅದುರಿಸುವ ಬಾಸ್, ಹಾಡುಗಾರರ ನಡುವೆ ನುಗ್ಗಿ ಬರುವ ಲೀಡ್, ಇದು ಅದರ ಕೆಲಸ. ಎರಡನೇ ಕೀಬೋರ್ಡ್ ಆಗಿ ತೆಗೆದುಕೊಂಡವರು ಖುಷಿಯಾಗಿದ್ದಾರೆ. ಇದ್ದ ಅರೇಂಜರ್ ಮಾರಿ ಇದನ್ನು ತಂದವರು ತಿಂಗಳೊಳಗೆ ವಾಪಸ್ ಮಾರಲು ಗಿರಾಕಿ ಹುಡುಕುತ್ತಾರೆ.

1970ರ ಮಿನಿಮೂಗ್‌ನಂಥ ನಿಜವಾದ ಅನಲಾಗ್ ಯಂತ್ರದಲ್ಲಿ ದನಿ ಹುಟ್ಟುವುದು ಟ್ರಾನ್ಸಿಸ್ಟರ್, ಕೆಪಾಸಿಟರ್‌ಗಳ ಸರ್ಕ್ಯೂಟ್‌ನಲ್ಲಿ. ಸೆಖೆಗೆ, ಸ್ಟೇಜಿನ ದೀಪದ ಬಿಸಿಗೆ ಅದರ ಶ್ರುತಿ ಅಲುಗುತ್ತದೆ. 1995ರಲ್ಲಿ ಸ್ವೀಡನ್ನಿನ ಕ್ಲಾವಿಯಾ ಕಂಪನಿ ನಾರ್ಡ್ ಲೀಡ್ ಎಂಬ ಕೆಂಪು ಕೀಬೋರ್ಡ್ ತಂದಿತು. ದನಿ ಹುಟ್ಟಿಸುವ ಅದೇ ಆಸಿಲೇಟರ್, ಅದನ್ನು ಸೋಸುವ ಅದೇ ಫಿಲ್ಟರ್, ದನಿ ಏರಿ ಇಳಿಯುವ ಬಗೆಯನ್ನು ತೀರ್ಮಾನಿಸುವ ಅದೇ ಎನ್ವಲಪ್, ಆದರೆ ಎಲ್ಲವೂ ಚಿಪ್ಪಿನೊಳಗಿನ ಲೆಕ್ಕ. ಮರುವರ್ಷ ರೋಲ್ಯಾಂಡ್‌ನ ಜೆಪಿ-8000 ಬಂತು, 1997ರಲ್ಲಿ ಜರ್ಮನಿಯ ಆಕ್ಸೆಸ್ ವೈರಸ್. ಲೆಕ್ಕಕ್ಕೆ ಸೆಖೆಯಿಲ್ಲ, ಶ್ರುತಿ ಕದಲುವುದಿಲ್ಲ. ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಬಾರಿಸುವ ನಮ್ಮ ಕರಾವಳಿಯವರಿಗೆ ಇದು ಸಣ್ಣ ಲಾಭವಲ್ಲ.

ಈಗ ಕೈಗೆಟಕುವ ನಾಲ್ಕು ಯಂತ್ರಗಳು: ಕೋರ್ಗ್ ಮೈಕ್ರೋಕೋರ್ಗ್, ನೋವೇಷನ್ ಮಿನಿನೋವಾ, ಯಮಾಹಾ ರಿಫೇಸ್ ಸಿಎಸ್, ಮತ್ತು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ರೋಲ್ಯಾಂಡ್ ಗಾಯಾ ಎಸ್‌ಎಚ್-01. ನಾಲ್ಕಕ್ಕೂ 37 ಕೀ.

ಮೈಕ್ರೋಕೋರ್ಗ್ 2002ರದ್ದು. ಒಳಗಿನ ಎಂಜಿನ್ ಅದಕ್ಕೂ ಹಿಂದಿನ ಎಂಎಸ್-2000ರದ್ದೇ. ಇಷ್ಟು ವರ್ಷದ ಮೇಲೂ ಜನ ಕೊಳ್ಳುತ್ತಿದ್ದಾರೆ ಎಂದರೆ ಆ ದನಿಯಲ್ಲಿ ಏನೋ ಇದೆ. ಸ್ವಲ್ಪ ಒರಟು, ಸ್ವಲ್ಪ ಮಸುಕು, ಗದ್ದಲದ ಹಾಡಿನಲ್ಲೂ ಕಳೆದುಹೋಗುವುದಿಲ್ಲ. ಕೋರ್ಗ್ ಕೈ ಬಿಗಿ ಹಿಡಿದದ್ದು ಎರಡು ಕಡೆ. ಒಂದು, ನಾಬ್. ದನಿಯ ಹತ್ತಾರು ಅಂಗಗಳಿಗೆ ಇರುವುದು ಐದೇ ನಾಬ್, ಯಾವ ಅಂಗ ಎಂದು ಆರಿಸಲು ಎರಡು ಡಯಲ್. ಸ್ಟೇಜಿನ ಮೇಲೆ ಐದೂ ನಾಬ್‌ಗಳನ್ನು ಕಟಾಫ್ (ಫಿಲ್ಟರ್ ಎಲ್ಲಿಂದ ಕತ್ತರಿಸಬೇಕು), ರೆಸೊನೆನ್ಸ್ (ಆ ಅಂಚಿನ ಮೊನಚು), ಅಟ್ಯಾಕ್ (ದನಿ ಏರುವ ವೇಗ), ರಿಲೀಸ್ (ಕೈ ಎತ್ತಿದ ಮೇಲೆ ಉಳಿಯುವ ಬಾಲ), ಟೆಂಪೊಗೆ ಕಟ್ಟಿಟ್ಟರೆ ಕೆಲಸ ನಡೆಯುತ್ತದೆ. ಅದಕ್ಕಿಂತ ಆಳಕ್ಕೆ ಇಳಿಯುವುದನ್ನು ಮನೆಯಲ್ಲೇ ಮುಗಿಸಿಕೊಳ್ಳಬೇಕು. ಇನ್ನೊಂದು, ವಾಯ್ಸ್. ಏಕಕಾಲಕ್ಕೆ ನಾಲ್ಕೇ ಸ್ವರ.

ನಾಲ್ಕು ಸಾಕಲ್ಲ ಎನ್ನುವವರು ಹೀಗೆ ಮಾಡಿ ನೋಡಿ. ಪ್ಯಾಡ್ ಒಂದರ ರಿಲೀಸ್ ಉದ್ದ ಮಾಡಿ, ಸ ಗ ಪ ಮತ್ತು ಮೇಲಿನ ಸ ಒತ್ತಿ. ನಾಲ್ಕೂ ವಾಯ್ಸ್ ಖರ್ಚಾಯಿತು. ಕೈ ಎತ್ತಿ, ಬಾಲ ಇನ್ನೂ ತೇಲುತ್ತಿರುವಾಗಲೇ ಮ ಧ ಸ ಒತ್ತಿ. ಮೊದಲ ಕಾರ್ಡ್‌ನ ಬಾಲ ಕತ್ತರಿಯಲ್ಲಿ ತುಂಡರಿಸಿದಂತೆ ನಿಲ್ಲುತ್ತದೆ, ಏಕೆಂದರೆ ಹೊಸ ಸ್ವರಕ್ಕೆ ಜಾಗ ಬೇಕೆಂದು ಯಂತ್ರ ಹಳೆಯದನ್ನು ಕಿತ್ತುಕೊಂಡಿತು. ಎರಡು ದನಿ ಒಂದರ ಮೇಲೊಂದು ಹೇರಿದ ಪ್ರೋಗ್ರಾಂ ಆದರೆ ನಾಲ್ಕು ಎರಡಾಗುತ್ತದೆ. ಬಾಸ್ ಮತ್ತು ಲೀಡ್‌ಗೆ ಇದು ಯಾವ ತೊಂದರೆಯೂ ಅಲ್ಲ, ಅವನ್ನು ಬಾರಿಸುವುದು ಒಂದೊಂದೇ ಸ್ವರದಲ್ಲಿ. ಚರ್ಚ್ ಕ್ವಾಯರ್ ಹಿಂದೆ, ಭಾವಗೀತೆಯ ಹಿಂದೆ ಪ್ಯಾಡ್ ಹಿಡಿಯುವವರಿಗೆ ಮಾತ್ರ ನಾನು ಮೈಕ್ರೋಕೋರ್ಗ್ ಹೇಳುವುದಿಲ್ಲ.

2012ರ ಮಿನಿನೋವಾದಲ್ಲಿ 18 ವಾಯ್ಸ್‌ವರೆಗೆ ಇದೆ, ಪ್ರತಿ ವಾಯ್ಸ್‌ಗೆ ಮೂರು ಆಸಿಲೇಟರ್. ದನಿ ಸಂಕೀರ್ಣವಾದಷ್ಟೂ ಆ ಸಂಖ್ಯೆ ಇಳಿಯುತ್ತದೆ, ಆದರೂ ಪ್ಯಾಡ್‌ಗೆ ಕೊರತೆಯಾಗದು. ಪ್ಯಾನೆಲ್ ಮೇಲೆ ಫಿಲ್ಟರ್‌ಗೆಂದೇ ಮೀಸಲಾದ ಒಂದು ದೊಡ್ಡ ನಾಬ್ ಇದೆ, ಕತ್ತಲೆಯಲ್ಲೂ ಕೈಗೆ ಸಿಗುತ್ತದೆ. ಒತ್ತಿ ಹಿಡಿದರೆ ದನಿಯನ್ನು ಆ ಕ್ಷಣಕ್ಕೆ ಬದಲಿಸುವ ಎಂಟು ಅನಿಮೇಟ್ ಗುಂಡಿಗಳಿವೆ. ಸ್ಟೇಜಿನವರ ಮನಸ್ಸು ತಿಳಿದು ಮಾಡಿದ ಯಂತ್ರ ಇದು. ಕಂಪನಿ ಉಳಿಸಿದ್ದು ಮೆನುವಿನಲ್ಲಿ. ದನಿಯ ಆಳಕ್ಕೆ ಇಳಿದು ತಿದ್ದಬೇಕೆಂದರೆ ಸಣ್ಣ ಪರದೆಯಲ್ಲಿ ಪುಟ ತಿರುವುತ್ತಾ ಹೋಗಬೇಕು. ಕಂಪ್ಯೂಟರಿಗೆ ಜೋಡಿಸಿ ತಿದ್ದುವುದೇ ವಾಸಿ.

ರಿಫೇಸ್ ಸಿಎಸ್ 2015ರದ್ದು, ಎಂಟು ವಾಯ್ಸ್. ಇದರಲ್ಲಿ ಮೆನು ಇಲ್ಲವೇ ಇಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಸ್ಲೈಡರ್, ಕಣ್ಣಿಗೆ ಕಂಡದ್ದೇ ಕಿವಿಗೆ ಕೇಳುವುದು. ಸಣ್ಣ ಕೀಗಳಾದರೂ ಬೆರಳಿಗೆ ಹಿತ, ಸ್ಪೀಕರ್ ಒಳಗೇ ಇದೆ. ಆದರೆ ನೀವು ಮಾಡಿದ ದನಿಯನ್ನು ಉಳಿಸಿಕೊಳ್ಳಲು ಯಂತ್ರದಲ್ಲಿ ಮೆಮೊರಿಯೇ ಇಲ್ಲ. ಮನೆಯಲ್ಲಿ ಕೂತು ಹಾಡು ಕಟ್ಟುವವರಿಗೆ ಇದರಷ್ಟು ಆಪ್ತವಾದದ್ದು ಇನ್ನೊಂದಿಲ್ಲ. ಒಂದು ಹಾಡು ಮುಗಿದು ಇನ್ನೊಂದಕ್ಕೆ ಐದು ಸೆಕೆಂಡ್ ಮಾತ್ರ ಸಿಗುವ ಮದುವೆ ಸ್ಟೇಜಿಗೆ ಬೇಡ.

ನನ್ನ ಒಲವು ಗಾಯಾ ಕಡೆಗೆ, ಮುಚ್ಚಿಡುವುದಿಲ್ಲ. 2010ರಲ್ಲಿ ಬಂದ ಇದರಲ್ಲಿ 64 ವಾಯ್ಸ್ ಇದೆ, ಒಂದೇ ಪ್ಯಾಚ್‌ನಲ್ಲಿ (ಉಳಿಸಿಟ್ಟ ದನಿಯಲ್ಲಿ) ಮೂರು ಪೂರ್ತಿ ಸಿಂತ್ ಒಂದರ ಮೇಲೊಂದು ಕೂತಂತೆ ಮೂರು ಟೋನ್. ಕೀಗಳು ಪೂರ್ಣ ಅಗಲದವು, ಹಾರ್ಮೋನಿಯಂ ಕಲಿತ ಕೈ ತಡವರಿಸುವುದಿಲ್ಲ. ಪ್ಯಾನೆಲ್ ಮೇಲೆ ಎಡದಿಂದ ಬಲಕ್ಕೆ ಆಸಿಲೇಟರ್, ಫಿಲ್ಟರ್, ಆಂಪ್, ದನಿ ಹರಿಯುವ ಕ್ರಮದಲ್ಲೇ ನಾಬ್, ಸ್ಲೈಡರ್ ಜೋಡಿಸಿದ್ದಾರೆ. ಶಿರಸಿಯ ಹೈಸ್ಕೂಲ್ ಹುಡುಗಿಯೊಬ್ಬಳಿಗೆ ಒಂದು ಮಧ್ಯಾಹ್ನ ಇದರ ಮುಂದೆ ಕೂರಿಸಿ, ಸಾ ಟೂತ್ ಅಲೆ (ಗರಗಸದ ಹಲ್ಲಿನಾಕಾರದ್ದು) ಆರಿಸಿ ಕಟಾಫ್ ಇಳಿಸು ಎಂದಿದ್ದೆ. ಚೂಪಾದ ದನಿ ಮೆತ್ತಗಾಗುತ್ತಾ ಬಂದು ಕೊನೆಗೆ ಬರೀ ಗುಂಯ್ ಎನ್ನುವ ತಳಸ್ವರ ಉಳಿದಾಗ ಅವಳೇ ರೆಸೊನೆನ್ಸ್ ಏರಿಸಿ, ಆ ತಳದೊಳಗಿಂದ ಸೀಟಿಯಂಥ ಇನ್ನೊಂದು ಸ್ವರ ಎದ್ದು ಬರುವುದನ್ನು ಕಂಡುಕೊಂಡಳು. ಪರದೆಯ ಮೆನುವಿನಲ್ಲಿ ಇದನ್ನು ಕಲಿಸಲು ವಾರ ಬೇಕು. ಅಂದಹಾಗೆ ಗಾಯಾದಲ್ಲಿ ಪರದೆಯೇ ಇಲ್ಲ, ರೋಲ್ಯಾಂಡ್ ಕೈ ಬಿಗಿ ಹಿಡಿದದ್ದು ಅಲ್ಲೇ. ನಿಮ್ಮ 64 ಪ್ಯಾಚ್‌ಗಳಿಗೆ ಹೆಸರಿಲ್ಲ, ಬರೀ ಅಕ್ಷರ ಮತ್ತು ಅಂಕಿ. ಯಾವ ಹಾಡಿಗೆ ಯಾವುದು ಎಂದು ಚೀಟಿ ಬರೆದು ಅಂಟಿಸಿಕೊಳ್ಳಬೇಕು. ನನಗದು ದೊಡ್ಡ ಬೆಲೆ ಅನ್ನಿಸಿಲ್ಲ.

ವೋಕೋಡರ್ (ಮೈಕಿನಲ್ಲಿ ಆಡಿದ ಮಾತನ್ನು ಸಿಂತ್‌ನ ದನಿಯಲ್ಲಿ ನುಡಿಸುವ ಸೌಲಭ್ಯ) ಬೇಕೇಬೇಕು ಎನ್ನುವವರಿಗೆ ಆಯ್ಕೆ ಎರಡೇ, ಮೈಕ್ರೋಕೋರ್ಗ್ ಮತ್ತು ಮಿನಿನೋವಾ. ಬಾಗುವ ಕತ್ತಿನ ಮೈಕ್ ಎರಡರ ಜೊತೆಗೂ ಬರುತ್ತದೆ.

ಘಟ್ಟದ ಮೇಲಿನವರು ಹೆಚ್ಚು ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆ ಮೀಂಡ್‌ನದು. ಹಿಂದೂಸ್ತಾನಿ ಸಂಗೀತ ಮನೆಮನೆಯಲ್ಲಿ ಕೇಳಿ ಬೆಳೆದ ಸೀಮೆ ನಮ್ಮದು. ಲೀಡ್ ಬಾರಿಸುವಾಗ ಸ್ವರದಿಂದ ಸ್ವರಕ್ಕೆ ಜಾರದೆ ಹಾರಿದರೆ ಶಿರಸಿ, ಯಲ್ಲಾಪುರದ ಕೇಳುಗ ಮುಖ ತಿರುಗಿಸುತ್ತಾನೆ. ಮೈಕ್ರೋಕೋರ್ಗ್, ಮಿನಿನೋವಾಗಳಲ್ಲಿ ಸ್ವರ ಬಾಗಿಸುವ ಪಿಚ್ ಬೆಂಡ್‌ಗೆ ಚಕ್ರವಿದೆ, ಗಾಯಾ ಮತ್ತು ರಿಫೇಸ್‌ನಲ್ಲಿ ಲಿವರ್. ದರ್ಬಾರಿಯ ಕೋಮಲ ಗಾಂಧಾರದ ಆ ನಿಧಾನದ ಆಂದೋಲನ ತೆಗೆಯಬೇಕೆಂದರೆ ಚಕ್ರವೇ ಮೇಲು. ಹೆಬ್ಬೆರಳು ಅದರ ಮೇಲೆ ಕೂರುತ್ತದೆ, ಅರ್ಧ ದಾರಿಯಲ್ಲಿ ನಿಲ್ಲಿಸಿ ಹಿಡಿಯಬಹುದು. ಸ್ಪ್ರಿಂಗ್ ಎರಡನ್ನೂ ನಡುವಿಗೆ ಎಳೆಯುತ್ತದೆ, ಆದರೆ ಲಿವರ್‌ನಲ್ಲಿ ಚುರುಕಾದ ಗಮಕ ಚೆನ್ನಾಗಿ ಬರುತ್ತದೆ. ಬೆಂಡ್‌ನ ವ್ಯಾಪ್ತಿಯನ್ನು ಎರಡು ಸೆಮಿಟೋನ್‌ಗೆ ಇಟ್ಟುಕೊಳ್ಳಿ. ಹೆಚ್ಚಿಟ್ಟಷ್ಟೂ ಬೆರಳಿನ ಸಣ್ಣ ನಡುಕವೂ ಅಪಸ್ವರವಾಗುತ್ತದೆ. ಉದ್ದದ ಮೀಂಡ್‌ಗೆ ಮೋನೊ (ಒಂದೇ ವಾಯ್ಸ್) ಮಾಡಿ ಪೋರ್ಟಮೆಂಟೊ (ಸ್ವರ ತಾನೇ ಜಾರುವ ಸೌಲಭ್ಯ) ಹಾಕಿ, ಒಂದು ಕೀ ಬಿಡದೆ ಇನ್ನೊಂದನ್ನು ಒತ್ತಿ.

ಅಂಗಡಿಗೆ ಹೋದಾಗ ಪ್ರೀಸೆಟ್ ಒತ್ತುತ್ತಾ ಕೂರಬೇಡಿ. ಎಫೆಕ್ಟ್ ಎಲ್ಲ ಆಫ್ ಮಾಡಿ, ಬರೀ ಒಂದು ಸಾ ಟೂತ್ ಆಸಿಲೇಟರ್ ಇಟ್ಟು, ಫಿಲ್ಟರ್ ಪೂರ್ತಿ ತೆರೆದು, ಹೆಡ್‌ಫೋನ್ ಹಾಕಿ ತೀರಾ ಮೇಲಿನ ಆಕ್ಟೇವ್‌ನಲ್ಲಿ ಒಂದು ಸ್ವರ ಹಿಡಿದು ಬೆಂಡ್‌ನಲ್ಲಿ ಮೇಲಕ್ಕೆಳೆಯಿರಿ. ಸ್ವರ ಏರುತ್ತಿರುವಾಗ ಅದರ ಹಿಂದೆ ಇನ್ನೊಂದು ಮಂದ ಸ್ವರ ಇಳಿಯುತ್ತಿರುವುದು ಕೇಳಿಸಿದರೆ ಅದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಕಾರಣ ಸರಳ. ಸೆಕೆಂಡಿಗೆ 44,100 ಸಲ ಲೆಕ್ಕ ಹಾಕುವ ಯಂತ್ರ 22,050 ಹರ್ಟ್ಸ್‌ಗಿಂತ ಮೇಲಿನದನ್ನು ಹೇಳಲಾರದು. 3,520 ಹರ್ಟ್ಸ್‌ನ ಸಾ ಟೂತ್‌ನಲ್ಲಿ ಹನ್ನೆರಡನೇ ಹಾರ್ಮೋನಿಕ್ (ಮೂಲಸ್ವರದ ಹನ್ನೆರಡು ಪಟ್ಟಿನ ಸ್ವರ) 42,240 ಹರ್ಟ್ಸ್. ವಿನ್ಯಾಸಗಾರ ಅದನ್ನು ಮೊದಲೇ ತಡೆಯದಿದ್ದರೆ ಅದು ಮಡಚಿಕೊಂಡು 1,860 ಹರ್ಟ್ಸ್ ಆಗಿ, ಮೂಲಸ್ವರಕ್ಕಿಂತ ಕೆಳಗೆ, ರಾಗಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ ಬಂದು ಕೂರುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಇದು ಹೆಚ್ಚುಕಡಿಮೆ ಕೇಳುವುದಿಲ್ಲ. ಕೇಳಿದರೂ ಡ್ರಮ್ಸ್, ಬಾಸ್ ನಡುವೆ ಮುಚ್ಚಿಹೋಗುತ್ತದೆ. ಒಂಟಿ ಲೀಡ್ ರೆಕಾರ್ಡ್ ಮಾಡುವವರು ಮಾತ್ರ ಈ ಪರೀಕ್ಷೆ ಬಿಡಬಾರದು. ಆಮೇಲೆ ರೆಸೊನೆನ್ಸ್ ಏರಿಸಿ ಕಟಾಫ್ ನಾಬನ್ನು ಆದಷ್ಟೂ ನಿಧಾನಕ್ಕೆ ತಿರುಗಿಸಿ. ನುಣ್ಣಗೆ ಜಾರಬೇಕಾದದ್ದು ಮೆಟ್ಟಿಲು ಮೆಟ್ಟಿಲಾಗಿ ಕೇಳಿದರೆ, ನಾಬಿನ ಪೂರ್ತಿ ಸುತ್ತನ್ನು 0ಯಿಂದ 127ರವರೆಗಿನ ಅಂಕಿಗಳಿಗೆ ಇಳಿಸಿದ್ದಾರೆ, ನಡುವಿನ ಜಾಗ ತುಂಬಿಸಿಲ್ಲ ಎಂದರ್ಥ.

ಇನ್ನು ನಮ್ಮ ಹವೆ. ನನ್ನ ಬೆಂಚಿಗೆ ಬರುವ ಕೀಬೋರ್ಡ್‌ಗಳಲ್ಲಿ ಚಿಪ್ ಕೆಟ್ಟದ್ದು ಅಪರೂಪ, ಕೀ ಕೆಳಗಿನ ರಬ್ಬರ್ ಕೆಟ್ಟದ್ದೇ ಹೆಚ್ಚು. ಪ್ರತಿ ಕೀಯ ಅಡಿಯಲ್ಲಿ ಇಂಗಾಲ ಲೇಪಿಸಿದ ಎರಡು ಸಂಪರ್ಕ ಬಿಂದುಗಳಿರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ಎರಡರ ನಡುವಿನ ಸಮಯ ಅಳೆದು ನೀವು ಎಷ್ಟು ಜೋರಾಗಿ ಒತ್ತಿದಿರಿ ಎಂದು ಯಂತ್ರ ತಿಳಿಯುತ್ತದೆ. ಕಾರವಾರದ ಉಪ್ಪುಗಾಳಿಯ ತೇವ, ಧೂಳು ಇವುಗಳ ಮೇಲೆ ಕೂತರೆ ಲೆಕ್ಕ ತಪ್ಪಿ, ಮೆತ್ತಗೆ ಒತ್ತಿದ ಸ್ವರ ಒಮ್ಮೆಲೇ ಕಿರುಚುತ್ತದೆ, ಅಥವಾ ಸ್ವರವೇ ಹೊರಡುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೆಚ್ಚಿನವು ಸರಿಹೋಗುತ್ತವೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಆ ರಬ್ಬರ್‌ಗೆ ಹೊಡೆಯಲೇಬೇಡಿ. ನಾಬ್‌ಗಳ ಒಳಗೂ ಇದೇ ಕತೆ, ಯಾರೂ ಮುಟ್ಟದಿದ್ದರೂ ಫಿಲ್ಟರ್ ತಾನೇ ಅಲುಗತೊಡಗುತ್ತದೆ. ಗಾಯಾ, ರಿಫೇಸ್‌ನಂತೆ ನಾಬ್, ಸ್ಲೈಡರ್ ತುಂಬಿದ ಯಂತ್ರಕ್ಕೆ ಕಾಪಾಡುವ ಕೆಲಸವೂ ಹೆಚ್ಚು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ತೇವ ಒಳಗೇ ಉಳಿಯುತ್ತದೆ. ಹತ್ತಿಬಟ್ಟೆ ಹೊದಿಸಿ, ಚೀಲದಲ್ಲಿ ಸಿಲಿಕಾ ಜೆಲ್ ಇಡಿ, ಆಗಾಗ ತಾಸೊತ್ತು ಆನ್ ಮಾಡಿ ಬಿಡಿ.

ಕರೆಂಟಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಕಾರ್ಯಕ್ರಮದ ನಡುವೆ ಲೈನ್ ಹೋಗಿ ಜನರೇಟರ್ ಹತ್ತುವ ಕ್ಷಣದಲ್ಲಿ ಸಿಂತ್ ಆಫ್ ಆಗಿ ಮತ್ತೆ ಏಳುತ್ತದೆ, ಸೇವ್ ಮಾಡದ ದನಿ ಹೋಯಿತು. ಮೈಕ್ರೋಕೋರ್ಗ್ ಮತ್ತು ರಿಫೇಸ್ ಆರು ಎಎ ಸೆಲ್‌ಗಳಲ್ಲಿ, ಗಾಯಾ ಎಂಟರಲ್ಲಿ ನಡೆಯುತ್ತವೆ. ಮಿನಿನೋವಾದಲ್ಲಿ ಸೆಲ್‌ಗೆ ಜಾಗವಿಲ್ಲ. ಹಳ್ಳಿಯ ಪೆಂಡಾಲಿನಲ್ಲಿ ಹೆಚ್ಚು ಬಾರಿಸುವವರಿಗೆ ಇದೊಂದೇ ಕಾರಣಕ್ಕೆ ತಕ್ಕಡಿ ಸೆಲ್‌ನಲ್ಲಿ ನಡೆಯುವ ಯಂತ್ರಗಳ ಕಡೆ ವಾಲಬಹುದು.

ಹೀಗಾಗಿ ಕಾರವಾರದ ಮದುವೆ ಆರ್ಕೆಸ್ಟ್ರಾದವರಿಗೆ ಮಿನಿನೋವಾ ಮತ್ತು ಜೊತೆಗೊಂದು ಸಣ್ಣ ಯುಪಿಎಸ್ ಹೇಳುತ್ತೇನೆ. ಕಲಿಯುವ ಹಂಬಲ ಇರುವವರಿಗೆ ಗಾಯಾ. ಆದರೆ ಸೆಕೆಂಡ್ ಹ್ಯಾಂಡ್ ಗಾಯಾ ನೋಡಲು ಹುಬ್ಬಳ್ಳಿಗೋ ಗೋವಾಕ್ಕೋ ಹೋದಾಗ ಎಲ್ಲ 37 ಕೀಗಳನ್ನೂ ಒಂದೊಂದಾಗಿ, ಮೆತ್ತಗೊಮ್ಮೆ ಜೋರಾಗೊಮ್ಮೆ ಒತ್ತಿ ನೋಡಿ, ಪ್ರತಿ ಸ್ಲೈಡರನ್ನೂ ತುದಿಯಿಂದ ತುದಿಗೆ ಎಳೆದು ನೋಡಿ. ಸಮುದ್ರದಂಡೆಯಲ್ಲಿ ಇಟ್ಟಿದ್ದ ಯಂತ್ರವಾದರೆ ಹಿಂಬದಿಯ ಸ್ಕ್ರೂ, ಜ್ಯಾಕ್‌ಗಳ ಮೇಲೆ ಹಸಿರು ಅಥವಾ ಕಂದು ಕಲೆ ಕಾಣುತ್ತದೆ. ಹೊರಗೆ ಅಷ್ಟಿದ್ದರೆ ಒಳಗೂ ಇರುತ್ತದೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ಮೂಲ ಅಡಾಪ್ಟರ್ ಕಳೆದುಹೋಗಿದೆ ಎಂದರೆ ಮನೆಯಲ್ಲಿರುವ ಯಾವುದೋ 9 ವೋಲ್ಟ್‌ದನ್ನು ಚುಚ್ಚುವ ಮೊದಲು ಸಾಕೆಟ್ ಪಕ್ಕದ ಗುರುತು ಓದಿ. ನಡುವಿನ ಪಿನ್ ಕೆಲವು ಯಂತ್ರಗಳಲ್ಲಿ ಪ್ಲಸ್, ಕೆಲವುಗಳಲ್ಲಿ ಮೈನಸ್.